ಬೋರಲು ಲೋಟದ ಲೆಕ್ಕ

ಹಲೋ... ಹಲೋ, ಯಾರು ಮಾತಾಡ್ತಿರೋದು? ವಿಯೆಟ್ನಾಂ ಹೋಟೆಲ್ ಅಲ್ವಾ?...

ಹಾಂ, ಸದ್ಯ. ಇಲ್ಲ, ಪಾರ್ಸಲ್ ಬೇಡ... ಇಲ್ಲಮ್ಮ, ಟೇಬಲ್ಲೂ ಬೇಡ, ಟೇಬಲ್ ಇದೆ ನಂಗೆ...

ವಿಳಾಸನಾ? ನಿಮ್ಮ ವಿಳಾಸವೇ ನನ್ನ ವಿಳಾಸ. ನಾನು ನಿಮ್ಮ ಹೋಟೆಲ್ ಒಳಗಡೇನೇ ಇದೀನಿ. ಹಿಂದುಗಡೆ, ಅಡುಗೆಮನೆಗೆ ಅಂಟಿಕೊಂಡಿರೋ ಟಾಯ್ಲೆಟ್ಟಲ್ಲಿ. ಚಿಲಕ ಸಿಕ್ಕಿಹಾಕ್ಕೊಂಡಿದೆ, ಬಾಗಿಲು ತೆಗೆಯೋಕೆ ಆಗ್ತಿಲ್ಲ...

ಇಡ್ಬೇಡಿ, ಇಡ್ಬೇಡಿ ಫೋನು! ತಮಾಷೆ ಅಲ್ಲ. ಐವತ್ತು ದಾಟಿದ ಹೆಂಗಸು ಟಾಯ್ಲೆಟ್ಟಲ್ಲಿ ನಿಂತ್ಕೊಂಡು ತಮಾಷೆ ಮಾಡ್ತಾಳಾ? ಕನ್ನಡಿ ಮೇಲೆ ಸ್ಟಿಕ್ಕರ್ ಅಂಟಿಸಿದೀರಲ್ಲ, ಮನೆ ಬಾಗಿಲಿಗೇ ತಂದುಕೊಡ್ತೀವಿ ಅಂತ, ಅದರಲ್ಲಿ ನಂಬರ್ ಇತ್ತು. ಅದಕ್ಕೇ ಮಾಡಿದೆ...

ಕೂಗಬಹುದಿತ್ತು. ಕೂಗಿದ್ರೆ ಎಲ್ಲರಿಗೂ ಕೇಳಿಸತ್ತೆ. ಆರು ಮೇಜಿನ ಹೋಟೆಲ್ಲು ನಿಮ್ದು, ಇಲ್ಲಿ ಕೆಮ್ಮಿದ್ರೆ ಅಲ್ಲಿ ನೀರು ಕೊಡ್ತಾರೆ. ನನ್ನ ಜತೆ ಬಂದೋರಿಗೆ ಗೊತ್ತಾಗ್ಬಾರ್ದು. ಈಗಲೇ ಗೊತ್ತಾಗ್ಬಾರ್ದು, ಅಷ್ಟೇ. ನೀವು ಬಿಲ್ ಬರೆಯೋ ಕಡೆ ಕೂತಿದ್ದೋರು ಅಲ್ವಾ, ಹಸಿರು ಏಪ್ರನ್?...

ಹೋಟೆಲ್ ಸೊಸೆ. ಹಾಂ. ಒಲೆ ಮುಂದೆ ಇರೋವ್ರು ಅತ್ತೆ. ಸರಿ. ನೋಡಮ್ಮ, ನಿಮ್ಮ ಅತ್ತೆಗೆ ಮೆಲ್ಲಗೆ ಹೇಳಿ, ಯಾರಾದ್ರೂ ಒಂದು ಸ್ಕ್ರೂಡ್ರೈವರ್ ತರಲಿ...

ನಿಮ್ಮ ಮನೆಯವರ ಸ್ಕೂಟರಲ್ಲಿದ್ಯಾ? ಅವರೆಲ್ಲಿ?... ಪಾರ್ಸಲ್ ಕೊಡೋಕೆ ಹೋದ್ರಾ. ಚೆನ್ನಾಗಿದೆ. ಎಷ್ಟೊತ್ತಾಗತ್ತೆ?... ಬರ್ತಾರೆ ಅಂದ್ರೆ ಬರ್ತಾರೆ, ಸರಿ...

ಎಲ್ಲಾ ಮಾಡಿ ನೋಡ್ದೆ. ನಾನು ಪರದೆ ಹೊಲಿಯೋಳು, ಚೀಲದಲ್ಲಿ ಕತ್ತರಿ ಇಲ್ಲದೆ ಹೊರಗೆ ಕಾಲಿಡಲ್ಲ. ಅದನ್ನ ತೂರಿಸಿ ಮೀಟಿದೆ. ಕತ್ತರಿ ತುದಿ ಮುರೀತು, ಚಿಲಕ ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. ಮೇಲೆ ಒಂದು ಕಿಟಕಿ ಅಂತ ಇದೆ, ಬೆಕ್ಕು ಬೇಕಾದ್ರೆ ಹೋಗಬಹುದು...

ಉಸಿರಾಟಕ್ಕೇನೂ ತೊಂದ್ರೆ ಇಲ್ಲ. ಗೋಡೆ ಆಚೆ ನಿಮ್ಮತ್ತೆ ಶುಂಠಿ, ಈರುಳ್ಳಿ ಸುಡ್ತಿದಾರೆ, ಘಮ್ ಅಂತಿದೆ. ಚಕ್ರಮೊಗ್ಗು ಹಾಕಿದ್ದೂ ಗೊತ್ತಾಯ್ತು. ಊಟದ ಬಗ್ಗೆ ಒಂದು ಮಾತಾಡೋ ಹಾಗಿಲ್ಲ. ಆ ಅಕ್ಕಿ ಶಾವಿಗೆ, ಆ ಸಾರು, ಬೇರೆ ದಿನ ಆಗಿದ್ರೆ ಬಟ್ಟಲು ಎತ್ತಿ ಕುಡೀತಿದ್ದೆ. ಅದಿರಲಿ. ನಿಮಗೆ ಕಿಟಕಿ ಪಕ್ಕದ ಮೇಜು ಕಾಣ್ತಿದ್ಯಾ?...

ಅದೇ ನಮ್ದು. ಗುಂಗುರು ಕೂದಲಿನ ಹುಡುಗಿ ನನ್ನ ಮಗಳು, ಗುಬ್ಬಿ ಅಂತೀವಿ ಮನೇಲಿ. ಎದುರಿಗೆ ಕೋಟು ಹಾಕ್ಕೊಂಡಿರೋವ್ರು ಕನ್ನಡಕದಂಗಡಿಯವರು. ಅವರ ಪಕ್ಕ ನೇರಳೆ ಶಾಲು ಹೊದ್ದಿರೋದು ಅವರ ಅಕ್ಕ. ಏನ್ ಮಾಡ್ತಿದಾರೆ ಹೇಳಿ...

ನಗ್ತಿದಾರಾ? ಮೂರೂ ಜನಾನಾ?... ಗುಬ್ಬಿ ಕಣ್ಣು ಒರೆಸ್ಕೋತಿದಾಳಾ? ನಕ್ಕೊಂಡು ಒರೆಸ್ಕೋತಿದಾಳಾ, ಬರೀ ಒರೆಸ್ಕೋತಿದಾಳಾ?... ಹೂಂ...

ಏನು, ಸಿಹಿ ಕೇಳಿದ್ರಾ? ಯಾರು ಕೇಳಿದ್ದು?... ಅಕ್ಕ. ನಾಲ್ಕು ಬಟ್ಟಲಾ? ಅಯ್ಯೋ ದೇವರೇ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಾಗಾಯ್ತು. ಅಮ್ಮಾ, ಒಂದು ಉಪಕಾರ ಮಾಡಿ. ಆ ಸಿಹಿ ಈಗಲೇ ಕಳಿಸ್ಬೇಡಿ. ಬೇಳೆ ಬೆಂದಿಲ್ಲ ಅನ್ನಿ, ತೆಂಗಿನಹಾಲು ಒಡೀತು ಅನ್ನಿ, ಏನಾದ್ರೂ ಅನ್ನಿ...

ಯಾಕೆ ಅಂದ್ರೆ, ಆ ಸಿಹಿ ತಿಂದ್ರೆ ನನ್ನ ಮದುವೆ ಗಟ್ಟಿಯಾದ ಹಾಗೆ...

ನಂದೇ. ಅವಳದ್ದಲ್ಲ, ನಂದು. ಅವಳದ್ದಾಗಿ ಒಂದು ವರ್ಷ ಆಯ್ತು. ಇವತ್ತು ಬಂದಿರೋದು ನನ್ನ ನೋಡೋಕೆ. ಹುಡುಗಿ ನಾನು... ನಗಿ, ಪರವಾಗಿಲ್ಲ. ನಂಗೂ ಬಸ್ಸಲ್ಲಿ ಬರ್ತಾ ನಗುನೇ ಬರ್ತಿತ್ತು...

ಛೆ ಛೆ, ಕೆಟ್ಟವರು ಅಂತ ಯಾರು ಹೇಳಿದ್ರು? ಕೆಟ್ಟವರಾಗಿದ್ದಿದ್ರೆ ಎಷ್ಟು ಸುಲಭ ಆಗ್ತಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷ ಆಗಿದೆ. ಕುಡಿಯಲ್ಲ, ಕೂಗಾಡಲ್ಲ. ನನ್ನ ಮೇಲೆ ಗಾಳಿ ಬೀಳ್ತಿದೆ ಅಂತ ಫ್ಯಾನ್ ತಿರುಗಿಸಿಟ್ರು. ಆ ಸೊಪ್ಪು ಕೊಡ್ತೀರಲ್ಲ ತಟ್ಟೆ ತುಂಬ, ಅದನ್ನ ಒಂದೊಂದೇ ಎಲೆ ಬಿಡಿಸಿ ನನ್ನ ಬಟ್ಟಲಿಗೆ ಹಾಕಿದ್ರು. ಇದು ಚೆನ್ನಾಗಿದ್ಯಾ, ಇದಕ್ಕಿಂತ ಅದು ಚೆನ್ನಾಗಿದ್ಯಾ ಅಂತ, ಅಂಗಡೀಲಿ ಕಣ್ಣಿಗೆ ಗಾಜು ಬದಲಾಯಿಸ್ತಾ ಕೇಳ್ತಾರಲ್ಲ, ಹಾಗೇ ಕೇಳ್ತಾ ಹಾಕಿದ್ರು. ಪಾಪ. ಹುಳುಕು ಹುಡುಕೋಣ ಅಂದ್ರೆ ಕೂದಲೆಳೆಯಷ್ಟೂ ಸಿಗ್ಲಿಲ್ಲ ನಂಗೆ...

ಇಲ್ಲ, ಬೇಡ. ನಂಗೆ ಮದುವೆ ಬೇಡ...

ಹೇಳೋಕೆ ಬಾಯಿ ಇಲ್ವಾ ಅಂತೀರಾ? ಇದೆ, ಊರಿಗೆಲ್ಲ ಗೊತ್ತು ನನ್ನ ಬಾಯಿ. ಎಡವಟ್ಟಾಗಿದ್ದು ಬಾಯಿಂದಲ್ಲ, ನಿಮ್ಮ ಲೋಟದಿಂದ...

ಲೋಟ. ಚಹಾ ಲೋಟ. ಹಿಡಿ ಇಲ್ಲದ್ದು, ಪುಟ್ಟದು. ನೀವು ಅದನ್ನ ತಟ್ಟೆ ಮೇಲೆ ಬೋರಲು ಹಾಕಿ ತಂದಿಡ್ತೀರಲ್ವಾ?... ಧೂಳು ಕೂರ್ಬಾರ್ದು ಅಂತ. ಎಲ್ಲರಿಗೂ ಹಾಗೇ ಇಡ್ತೀರಾ?... ಹಾಂ. ಅದು ನಮ್ಮ ಗುಬ್ಬಿಗೆ ಗೊತ್ತಿರಬೇಕಲ್ಲ! ಅವಳು ಕೈ ತೊಳ್ಕೊಂಡು ನನ್ನ ಪಕ್ಕ ಬಂದು ಕೂರೋಷ್ಟರಲ್ಲಿ ಮಿಕ್ಕವರ ಲೋಟ ಎಲ್ಲ ಎತ್ತಿ ಚಹಾ ಹಾಕಿಯಾಗಿತ್ತು. ನಂದೊಂದೇ ಬೋರಲು...

ಹೇಳ್ತೀನಿ ಇರಿ, ಮೊದಲಿಂದ ಹೇಳ್ತೀನಿ. ನಿಮಗೇನು ಗಿರಾಕಿ ಕಾಯ್ತಿದಾರಾ?... ಸರಿ. ಗುಬ್ಬಿಗೆ ಹುಡುಗನ್ನ ನೋಡ್ತಿದ್ವಲ್ಲ, ಆಗ ನಾನೇ ಅವಳಿಗೆ ಒಂದು ಉಪಾಯ ಹೇಳಿಕೊಟ್ಟಿದ್ದೆ. ನಾಲ್ಕು ಜನರ ಎದುರಿಗೆ ಮುಖ ಸಿಂಡರಿಸ್ಬೇಡ, ನನ್ನ ತೊಡೆ ಚಿವುಟ್ಬೇಡ. ಹುಡುಗ ಬೇಡ ಅಂದ್ರೆ ಲೋಟ ಬೋರಲು ಹಾಕು, ನಾನು ಏನಾದ್ರೂ ನೆಪ ಹೇಳಿ ಎಬ್ಬಿಸ್ಕೊಂಡು ಬರ್ತೀನಿ. ಆಗಬಹುದು ಅಂದ್ರೆ ನೆಟ್ಟಗಿಟ್ಕೊಂಡು ಕುಡಿ. ಅಷ್ಟೇ. ಎಷ್ಟು ಮನೆಗಳಲ್ಲಿ ಬೋರಲು ಹಾಕಿದಾಳೋ. ಒಂದು ಮನೇಲಿ ಇನ್ನೂ ಹಾಲು ತುಂಬಿದ್ದ ಲೋಟನೇ ಬೋರಲು ಹಾಕಿಬಿಟ್ಲು, ಅಷ್ಟು ಬೇಡವಾಗಿದ್ದ ಆ ಹುಡುಗ. ಕೊನೆಗೆ ಈಗಿನ ಅಳಿಯನ ಮನೇಲಿ ಕುಡಿದು, ಇನ್ನೊಂದು ಲೋಟ ಕೇಳಿದ್ಲು...

ಹೌದಲ್ವಾ? ಚೆನ್ನಾಗೇ ಇತ್ತು ಲೆಕ್ಕ. ಇವತ್ತು ಬಸ್ಸಿಳಿಯೋವಾಗ ನನ್ನ ಕಿವೀಲಿ ಹೇಳಿದ್ಲು, ಅಮ್ಮಾ, ನಮ್ಮ ಲೋಟದ ಲೆಕ್ಕ ನೆನಪಿದೆ ತಾನೆ, ಬಲವಂತ ಇಲ್ಲ, ಬೇಡ ಅನ್ಸಿದ್ರೆ ಬೋರಲು ಹಾಕ್ಬಿಡು ಅಂತ. ಬಂದು ಕೂತು ನೋಡಿದ್ರೆ ಲೋಟ ಆಗಲೇ ಬೋರಲು! ಪುಣ್ಯ, ನಾನು ಕೈ ಹಾಕೋದೇ ಬೇಡ, ನಂದು ಹಾಗೇ ಇರಲಿ ಅಂದ್ಕೊಂಡೆ. ಅವಳೂ ನೋಡಿದ್ಲು. ಮುಖ ಇಷ್ಟಗಲ ಇದ್ದಿದ್ದು ಇಷ್ಟಾಯ್ತು. ಊಟ ಆಗ್ಲಿ, ಆಮೇಲೆ ನೆಪ ಹೇಳಿ ಎಬ್ಬಿಸೋಣ ಅಂದ್ಕೊಂಡ್ಲೋ ಏನೋ...

ಆಮೇಲೇನು, ನಿಮ್ಮ ಕೆಂಪು ಮೆಣಸಿನಕಾಯಿ. ಸೊಪ್ಪಿನ ನಡುವೆ ಅದೊಂದು ಚೂರು ಅಡಗಿಕೊಂಡಿತ್ತು, ಪಾಪ ಆ ಮನುಷ್ಯನೂ ನೋಡಿಲ್ಲ. ಕಚ್ಚಿದೆ ನೋಡಿ, ನೆತ್ತಿಗೇರಿತು. ಕಣ್ಣಲ್ಲಿ ಮೂಗಲ್ಲಿ ನೀರು. ಆಗ ಯಾವ ಲೆಕ್ಕ, ಯಾವ ಗುರುತು? ಲೋಟ ಎತ್ತಿ ನೆಟ್ಟಗಿಟ್ಟೆ, ಚಹಾ ಬಗ್ಗಿಸ್ಕೊಂಡು ಗಟಗಟ ಕುಡ್ದೆ. ಸಾಲ್ಲಿಲ್ಲ ಅಂತ ಇನ್ನೊಂದು ಲೋಟ ಕುಡ್ದೆ...

ಹೂಂ. ಎರಡು. ಅವಳು ಅಳಿಯನ ಮನೇಲಿ ಕುಡಿದ ಹಾಗೆ...

ಗುಬ್ಬಿ ಬಾಯಿ ಮುಚ್ಚಿಕೊಂಡು ಅಳೋಕೆ ಶುರು ಮಾಡಿದ್ಲು. ನಂಗೆ ಕೆಮ್ಮು ನಿಲ್ಲೋ ಹೊತ್ತಿಗೆ ಅವಳು ಅವರಿಗೆ ಹೇಳಿಯಾಗಿತ್ತು, ಅಮ್ಮ ಒಪ್ಪಿದ್ಲು ಅಂತ. ನನ್ನ ಕಣ್ಣಲ್ಲೂ ನೀರಿತ್ತಲ್ಲ, ಸಂತೋಷಕ್ಕೆ ಅಂದ್ಕೊಂಡ್ರು ಎಲ್ಲಾ. ಅಕ್ಕ ಎದ್ದು ಬಂದು ಅಕ್ಕಿಹಾಳೆ ಸುರುಳಿ ಒಂದನ್ನ ನನ್ನ ಬಾಯಿಗೇ ತುರುಕಿದ್ರು. ಬಾಯ್ತುಂಬ ಅದನ್ನಿಟ್ಕೊಂಡು ಇಲ್ಲ ಅಂತ ಹೇಗೆ ಹೇಳ್ಲಿ? ಬಿಸಿ ತುಪ್ಪ ಅಂತಾರಲ್ಲ, ಉಗುಳೋ ಹಾಗೂ ಇಲ್ಲ, ನುಂಗೋ ಹಾಗೂ ಇಲ್ಲ...

ಹೇಳಬೇಕಿತ್ತು, ಗೊತ್ತು. ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಕನ್ನಡಕದವರು ನನ್ನ ಕಡೆ ತಿರುಗಿ ಮೆಲ್ಲಗೆ ಒಂದು ಮಾತಂದ್ರು. ಇನ್ಮೇಲೆ ನೀವು ಯಾವತ್ತೂ ಒಬ್ಬರೇ ಕೂತು ಊಟ ಮಾಡೋ ಹಾಗಿರಲ್ಲ ಅಂತ. ಎಷ್ಟು ಪ್ರೀತಿಯಿಂದ ಅಂದ್ರು ಗೊತ್ತಾ. ಕೈ ತೊಳ್ಕೊಂಡು ಬರ್ತೀನಿ ಅಂತ ಎದ್ದು ಬಂದೆ. ಬಂದು ಚಿಲಕ ಜೋರಾಗಿ ಎಳೆದೆ. ಸ್ವಲ್ಪ ಜಾಸ್ತಿನೇ ಜೋರಾಗಿ ಎಳೆದೆ ಅನ್ಸತ್ತೆ...

ಯಾರೋ ಬಾಗಿಲು ಕುಟ್ಟಿದ್ರು. ನಿಮ್ಮತ್ತೆನಾ?... ಏನೋ ಹೇಳ್ತಿದಾರೆ, ಅವರ ಭಾಷೇಲಿ. ಏನಂತೆ?... ಹೆದರ್ಬೇಡ ಅಂತಿದಾರಾ? ಹೆದರಿಲ್ಲ ಅಂತ ಹೇಳಿ. ಬಾಗಿಲ ಕೆಳಗಿಂದ ಏನೋ ತಳ್ತಿದಾರೆ... ಬಟ್ಟಲು. ಎಣ್ಣೆ! ಬುದ್ಧಿವಂತೆ ಕಣ್ರೀ ನಿಮ್ಮತ್ತೆ. ಇರಿ, ಚಿಲಕಕ್ಕೆ ಬಿಡ್ತೀನಿ...

ಬಿಟ್ಟೆ. ಒಳಗೆ ಇಳೀಬೇಕು ಅದು. ಸ್ವಲ್ಪ ಹೊತ್ತು ಬಿಡಿ...

ನಿಜ ಹೇಳ್ಲಾ? ಈ ಬಾಗಿಲು ಬೇಗ ತೆರೆದುಕೊಳ್ಳೋದು ಬೇಡ ಅನ್ಸತ್ತೆ. ಒಳಗಿದ್ರೂ ಸಿಕ್ಕಿಬಿದ್ದ ಹಾಗೆ, ಹೊರಗೆ ಬಂದ್ರೂ ಸಿಕ್ಕಿಬಿದ್ದ ಹಾಗೆ. ಇಲ್ಲಿ ಚಿಲಕ ಒಂದೇ, ಅಲ್ಲಿ ಮೂರು ಮುಖ. ಎಲ್ಲಾ ಒಳ್ಳೇ ಮುಖಗಳು...

ಈ ಮದುವೆ ಗುಬ್ಬಿಗೆ ಯಾಕೆ ಇಷ್ಟೊಂದು ಬೇಕು ಅಂದ್ರೆ, ಅಳಿಯ ಇರೋದು ಬೇರೆ ಊರಲ್ಲಿ. ರಾತ್ರಿಯೆಲ್ಲ ರೈಲು ಪ್ರಯಾಣ. ಅಲ್ಲಿ ಅವಳಿಗೂ ಕೆಲಸ ಕಾದಿದೆ, ದೊಡ್ಡ ಈಜುಕೊಳ, ಮಕ್ಕಳಿಗೆ ಈಜು ಕಲಿಸೋದು. ಮದುವೆಯಾಗಿ ವರ್ಷ ಆದ್ರೂ ಹೋಗಿಲ್ಲ. ಅಮ್ಮ ಒಬ್ಳೇ ಆಗ್ತಾಳೆ ಅಂತ. ಗಂಡ ಅಲ್ಲಿ, ಇವಳು ಇಲ್ಲಿ, ನನ್ನ ಕಾವಲಿಗೆ. ಅಮ್ಮಂಗೆ ಒಂದು ಜೋಡಿ ಮಾಡಿಟ್ಟು ಹೋಗ್ತೀನಿ ಅಂತ ಹಟ. ಈಗ ನಾನು ಬೇಡ ಅಂದ್ರೆ ಅವಳು ಹೋಗಲ್ಲ. ಹೂಂ ಅಂದ್ರೆ ನಾನು... ಅತ್ತ ದರಿ ಇತ್ತ ಪುಲಿ, ಇನ್ನೇನು...

ಏನಾಯ್ತು?... ಎದ್ಲಾ? ಎಲ್ಲಿಗೆ ಬರ್ತಿದಾಳೆ?... ನಿಮ್ಮ ಹತ್ರನಾ? ಅಮ್ಮಾ, ನನ್ನ ಮಾತು ಕೇಳಿ, ಹೊರಗೆ ಗಾಳಿಗೆ ಹೋದ್ರು ಅನ್ನಿ. ಸಿಹಿ ಬೇಯ್ತಿದೆ ಅನ್ನಿ. ಫೋನ್ ಮಾತ್ರ...

ಬೇಡ, ಕೊಡ್ಬೇಡಿ ಅವಳ ಕೈಗೆ...

ಹಲೋ... ಹೂಂ. ನಾನೇ ಕಣೇ...

ಏನೂ ಆಗಿಲ್ಲ. ಚಿಲಕ ಸಿಕ್ಕಿಕೊಂಡಿದೆ ಅಷ್ಟೇ. ಎಣ್ಣೆ ಬಿಟ್ಟಿದೆ... ಬರ್ಬೇಡ! ಬಾಗಿಲ ಹತ್ರ ಬರ್ಬೇಡ ಗುಬ್ಬಿ. ಅಲ್ಲೇ ನಿಂತ್ಕೊಂಡು ಮಾತಾಡು...

ಯಾಕೆ ಅಂದ್ರೆ ನಿನ್ನ ಮುಖ ನೋಡಿದ್ರೆ ನಂಗೆ ಹೇಳೋಕಾಗಲ್ಲ...

ಅವರೇನೂ ಅಂದಿಲ್ಲ. ಯಾರೂ ಏನೂ ಅಂದಿಲ್ಲ. ಕೇಳು. ಆ ಲೋಟ ನಾನು ಎತ್ತಿದ್ದು ಖಾರಕ್ಕೆ ಕಣೇ. ಮೆಣಸಿನಕಾಯಿ ಕಚ್ಚಿದೆ. ಬೋರಲು ಹಾಕಿದ್ದೂ ನಾನಲ್ಲ, ಈ ಹೋಟೆಲ್ಲಲ್ಲಿ ಎಲ್ಲರಿಗೂ ಹಾಗೇ ಇಡ್ತಾರಂತೆ, ನಿನ್ನ ಪಕ್ಕದಲ್ಲಿರೋರನ್ನೇ ಕೇಳು...

ಹೌದು. ಬೇಡ ಅಂತ್ಲೇ...

ಗೊತ್ತು, ಗೊತ್ತು. ಅವರಿಗೆ ನಾನೇ ಹೇಳ್ತೀನಿ. ಹೊರಗೆ ಬಂದ ಮೇಲೆ ಕೈಮುಗಿದು ನಾನೇ ಹೇಳ್ತೀನಿ, ನಿನ್ನ ತಲೆ ತಗ್ಗಿಸಲ್ಲ. ಮೆಲ್ಲಗೆ ಮಾತಾಡು, ಕೇಳಿಸತ್ತೆ ಅವರಿಗೆ...

ಅವರಲ್ಲಿ ಕೊರತೆ ಏನೂ ಇಲ್ಲ. ಬೇರೆಯವರನ್ನ ನೋಡೋದೂ ಬೇಡ. ಅಪ್ಪನ ನೆನಪು ಅಂತಲೂ ಅಲ್ಲ, ಸುಮ್ನೆ ಅವರನ್ನ ಯಾಕೆ ಮಧ್ಯೆ ಎಳೀಲಿ...

ಒಬ್ಳೇ ಇರ್ತೀನಿ...

ಇರೋಕಾಗಲ್ಲ ಅಂತ ನಿಂಗೆ ಯಾರು ಹೇಳಿದ್ರು? ನಾನು ಹೇಳಿದ್ನಾ? ಯಾವತ್ತಾದ್ರೂ ಹೇಳಿದ್ನಾ?... ಇಲ್ಲ ತಾನೆ. ನೀನೇ ಅಂದ್ಕೊಂಡಿದ್ದು...

ನಿಂಗೋಸ್ಕರ ತ್ಯಾಗ ಮಾಡ್ತಿಲ್ಲ ಕಣೇ ನಾನು! ಅದೊಂದು ಮಾತು ಎತ್ಬೇಡ. ತ್ಯಾಗ ಮಾಡಿದ್ದಿದ್ರೆ ಆ ಸಿಹಿ ತಿಂದು ಅವರ ಮನೆಗೆ ಹೋಗ್ತಿದ್ದೆ. ನಂಗೆ ಬೇಕಾಗಿದೆ. ಒಬ್ಳೇ ಇರೋದು ನಂಗೆ ಬೇಕಾಗಿದೆ. ಆಸೆ. ತಿಳೀತಾ? ಆಸೆ ಅದು...

ಹೇಗೆ ಹೇಳ್ಲಿ ನಿಂಗೆ. ಹುಟ್ಟಿದ್ದು ಒಂದೇ ಕೋಣೆ ಮನೇಲಿ, ಅಕ್ಕಂದಿರ ಕಾಲ ಹತ್ರ ಮಲಗ್ತಿದ್ದೆ. ಮದುವೆ ಆಯ್ತು, ನಿಮ್ಮಜ್ಜನ ಕೆಮ್ಮು ರಾತ್ರಿಯೆಲ್ಲ. ಆಮೇಲೆ ನಿಮ್ಮಪ್ಪ ಮಂಚ ಹಿಡಿದ್ರು, ಅವರ ಉಸಿರು ಎಣಿಸ್ಕೊಂಡು ಮಲಗ್ತಿದ್ದೆ. ಆಮೇಲೆ ನೀನು. ಊರಿನೋರ ಕಿಟಕಿಗೆಲ್ಲ ಪರದೆ ಹೊಲಿದೆ ಗುಬ್ಬಿ, ಅಳತೆ ತಗೊಳ್ಳೋಕೆ ಹೋದಾಗ ಖಾಲಿ ಕೋಣೆ ಕಂಡ್ರೆ ಸುಮ್ನೆ ಒಂದು ಗಳಿಗೆ ನಿಂತುಬಿಡ್ತಿದ್ದೆ. ಆ ಮನೆಯೋರು ಏನಾದ್ರೂ ಬೇಕಾ ಅಂತ ಕೇಳೋರು. ಏನಂತ ಹೇಳೋದು...

ಅಳ್ಬೇಡ. ಕೇಳಿಸ್ಕೋ. ನೀನು ಈಜು ಸ್ಪರ್ಧೆ ಅಂತ ನಿನ್ನ ಹತ್ರ ಕಲಿಯೋ ಮಕ್ಕಳನ್ನ ಕರ್ಕೊಂಡು ಬೇರೆ ಊರಿಗೆ ಹೋಗಿದ್ಯಲ್ಲ, ಬೇಸಿಗೇಲಿ. ದಿನಾ ಸಂಜೆ ಫೋನ್ ಮಾಡಿ ಊಟ ಮಾಡಿದ್ಯಾ ಅಂತಿದ್ದೆ, ನಾನು ಮಾಡ್ದೆ ಅಂತಿದ್ದೆ. ಮಾಡೇ ಇಲ್ಲ. ಬ್ರೆಡ್ಡಿಗೆ ಸಕ್ಕರೆ ಹಾಕ್ಕೊಂಡು ಕಿಟಕಿ ಹತ್ರ ನಿಂತ್ಕೊಂಡು ತಿಂದೆ. ಬಚ್ಚಲ ಬಾಗಿಲು ತೆರೆದಿಟ್ಟು ಸ್ನಾನ ಮಾಡ್ದೆ, ಹಾಡ್ಕೊಂಡು. ದೀಪ ಆರಿಸದೇ ಮಲಗಿದೆ. ಯಾರ ಕಣ್ಣಿಗೂ ಚುಚ್ಚಲಿಲ್ಲ...

ಹೂಂ, ಹಾಡ್ಕೊಂಡು. ನಗು ಬಂತಾ?... ಆಮೇಲೆ ನೀನು ವಾಪಸ್ ಬಂದ ದಿನ, ಹೊರಗೆ ನಿನ್ನ ಬೀಗದಕೈ ಸದ್ದು ಕೇಳಿಸ್ತಲ್ಲ... ಏನಿಲ್ಲ ಬಿಡು...

ಏನಿಲ್ಲ ಅಂದ್ನಲ್ಲ... ಸರಿ, ಹೇಳ್ತೀನಿ. ಬಂದೇಬಿಟ್ಲಲ್ಲಾ ಅನ್ನಿಸ್ತು. ಒಂದು ಕ್ಷಣ. ನೀನು ಬಾಗಿಲು ತೆಗೆಯೋಷ್ಟರಲ್ಲಿ ಹೋಗ್ಬಿಟ್ಟಿತ್ತು ಅದು...

ಗುಬ್ಬಿ?... ಮಾತಾಡು... ಇದೀಯಾ?...

ಏನಂದೆ? ಸರಿಯಾಗಿ ಕೇಳಿಸ್ತಿಲ್ಲ, ನಿನ್ನ ದನಿ ತುಂಡು ತುಂಡಾಗಿ ಬರ್ತಿದೆ. ಇನ್ನೊಂದ್ಸಲ ಹೇಳು...

ನಾನು ನೀನು ಹೋಗೋದನ್ನೇ ಕಾಯ್ತಿದ್ನಾ?...

ಹೌದು...

ಹೌದು ಕಣೇ, ಕಾಯ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ ನಿನ್ನ ಹತ್ರ. ಆದ್ರೆ ಅದು ಅರ್ಧ ಮಾತು. ಇನ್ನರ್ಧ ಕೇಳು. ನೀನು ಹೋದ ದಿನ ನಾನು ಅನ್ನ ಮುಟ್ಟಲ್ಲ, ಅದೂ ಗೊತ್ತು ನಂಗೆ. ನಿನ್ನ ಒದ್ದೆ ಟವಲ್ ಕುರ್ಚಿ ಮೇಲಿಂದ ತೆಗೆಯೋಕೆ ಮನಸ್ಸು ಬರಲ್ಲ. ಅತ್ಕೊಂಡೇ ಇರ್ತೀನಿ. ಅಷ್ಟು ಅತ್ತಾದ್ಮೇಲೂ ನಂಗೆ ಆ ಮನೆ ಬೇಕು ಪುಟ್ಟಾ, ಎರಡೂ ಒಟ್ಟಿಗೆ ಇರತ್ತೆ ಕಣೇ ಒಂದೇ ಎದೇಲಿ, ನೀನೂ ಬೇಕು, ನೀನು ಇಲ್ಲದಿರೋದೂ...

ಹಲೋ?...

ಗುಬ್ಬೀ?... ಹಲೋ... ಅಮ್ಮಾ, ಹಸಿರು ಏಪ್ರನ್ನಿನವರೇ, ಇದೀರಾ? ಅವಳು ಅಲ್ಲೇ ಇದಾಳಾ?...

ಹಲೋ... ಗುಬ್ಬಿ, ನೀನೇನಾ? ಮಧ್ಯೆ ಲೈನ್ ಹೋಗಿತ್ತು, ಎಲ್ಲೀವರೆಗೂ ಕೇಳಿಸ್ತು ನಿಂಗೆ?...